ಸ್ವಯಂ–ಎನ್‌ಪಿಟಿಇಎಲ್ ಕೋರ್ಸಿನ ಕ್ರೆಡಿಟ್ ಮಾರ್ಕ್ಸ್ ಕಾರ್ಡಿಗೆ ಬರಬೇಕಾದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಫಲಿತಾಂಶ ಬಂದ ವಾರ ಒಬ್ಬ ವಿದ್ಯಾರ್ಥಿನಿ ನನ್ನ ಮೇಜಿನ ಮುಂದೆ ನಿಂತು ಮೊಬೈಲ್ ತೋರಿಸಿದಳು. ಎನ್‌ಪಿಟಿಇಎಲ್ (ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸ್‌ಗಳ ಯೋಜನೆ) ಪ್ರಮಾಣಪತ್ರ, 78 ಅಂಕ. ಹನ್ನೆರಡು ವಾರ ಹಾಸ್ಟೆಲಿನಲ್ಲಿ ಕೂತು ಓದಿ ತೆಗೆದ ಅಂಕ. "ಸರ್, ಇದರ 3 ಕ್ರೆಡಿಟ್ ಈ ಸಲದ ಮಾರ್ಕ್ಸ್ ಕಾರ್ಡಲ್ಲಿ ಬರುತ್ತಲ್ವಾ?" ಬರಲಿಲ್ಲ. ಅವಳು ಆರಿಸಿದ್ದ ಕೋರ್ಸ್ ವಿಶ್ವವಿದ್ಯಾಲಯ ಒಪ್ಪಿದ ಪಟ್ಟಿಯಲ್ಲೇ ಇರಲಿಲ್ಲ.

ಎನ್‌ಪಿಟಿಇಎಲ್ ಕೋರ್ಸ್‌ಗಳು ಸಿಗುವುದು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ಜಾಲತಾಣವಾದ ಸ್ವಯಂನಲ್ಲಿ. ಕಾಲೇಜಿನಲ್ಲಿ ಸ್ವಯಂ ಕೋರ್ಸ್‌ಗಳ ಉಸ್ತುವಾರಿ ನೋಡಿಕೊಳ್ಳುವವನಾಗಿ ಇಂಥ ಮುಖಗಳನ್ನು ಪ್ರತಿ ಸೆಮಿಸ್ಟರ್ ನೋಡುತ್ತೇನೆ. ಓದದೆ ಕ್ರೆಡಿಟ್ ಕಳೆದುಕೊಂಡವರು ಕಡಿಮೆ. ಓದಿಯೂ ಕಳೆದುಕೊಂಡವರೇ ಹೆಚ್ಚು. ಕಾರಣ ಹೆಚ್ಚಾಗಿ ಒಂದೇ: ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿದ್ದು. ಕೋರ್ಸ್ ಮುಗಿಸಿ ಒಪ್ಪಿಗೆ ಕೇಳುತ್ತಾರೆ. ಒಪ್ಪಿಗೆ ಸಿಕ್ಕ ಮೇಲೆ ಕೋರ್ಸ್ ಸೇರಬೇಕು. ಆದ್ದರಿಂದ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ, ಯಾವುದನ್ನೂ ಹಿಂದೆ ಮುಂದೆ ಮಾಡಬೇಡಿ.

## ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

- ನಿಮ್ಮ ಬ್ಯಾಚಿನ ಸ್ಕೀಮ್ (ಯಾವ ಸೆಮಿಸ್ಟರಿಗೆ ಯಾವ ವಿಷಯ, ಎಷ್ಟು ಕ್ರೆಡಿಟ್ ಎಂಬ ಪಟ್ಟಿ) ಮತ್ತು ಸಿಲಬಸ್ ಪ್ರತಿ (ಸೀನಿಯರ್‌ಗಳದ್ದಲ್ಲ, ನಿಮ್ಮದೇ)
- ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಕಾಲೇಜು ಗುರುತಿನ ಚೀಟಿ
- ಆಧಾರ್‌ಗೆ ಜೋಡಿಸಿದ, ಈಗಲೂ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್
- ಡಿಗ್ರಿ ಮುಗಿಯುವವರೆಗೂ ಬಳಸುವ ಒಂದೇ ಒಂದು ಇಮೇಲ್
- ಪಾಸ್‌ಪೋರ್ಟ್ ಅಳತೆಯ ಫೋಟೊ ಮತ್ತು ಸಹಿಯ ಸ್ಕ್ಯಾನ್
- ಪರಿಶಿಷ್ಟ ಜಾತಿ, ಪಂಗಡ ಅಥವಾ ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ಅದರ ಸ್ಕ್ಯಾನ್

ದುಡ್ಡಿನ ವಿಷಯವನ್ನೂ ಈಗಲೇ ತಿಳಿದುಕೊಳ್ಳಿ. ಪಾಠ, ಅಸೈನ್‌ಮೆಂಟ್, ನೋಟ್ಸ್ ಎಲ್ಲವೂ ಉಚಿತ. ಕ್ರೆಡಿಟ್‌ಗೆ ಬೇಕಾದ ಕೊನೆಯ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಎನ್‌ಪಿಟಿಇಎಲ್‌ನಲ್ಲಿ ಒಂದು ಕೋರ್ಸಿಗೆ 1000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ 500. ಇದರ ಜೊತೆಗೆ ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಬಸ್ ಖರ್ಚು. 3 ಕ್ರೆಡಿಟ್‌ಗೆ ಆಗುವ ಖರ್ಚು ಇಷ್ಟೇ. ಯಾರಾದರೂ ಏಜೆಂಟ್ "ಎನ್‌ಪಿಟಿಇಎಲ್ ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ" ಎಂದು ಹೆಚ್ಚಿನ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

## ಹಂತ 1: ನಿಮ್ಮ ಸ್ಕೀಮಿನಲ್ಲಿ ಈ ಕ್ರೆಡಿಟ್‌ಗೆ ಜಾಗ ಇದೆಯೇ ನೋಡಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಇದು ಗರಿಷ್ಠ ಮಿತಿ. ಅಷ್ಟನ್ನೂ ಕೊಡಲೇಬೇಕೆಂದು ಅರ್ಥವಲ್ಲ. ನಿಮ್ಮ ವಿಶ್ವವಿದ್ಯಾಲಯ ಎಷ್ಟು ಕೊಟ್ಟಿದೆ, ಯಾವ ಸೆಮಿಸ್ಟರಿನಲ್ಲಿ ಕೊಟ್ಟಿದೆ ಎಂಬುದು ಸ್ಕೀಮಿನಲ್ಲಿ ಇರುತ್ತದೆ.

ಉದಾಹರಣೆಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಬಿಇ 8ನೇ ಸೆಮಿಸ್ಟರಿನ ಪ್ರೊಫೆಷನಲ್ ಎಲೆಕ್ಟಿವ್ ಮತ್ತು ಓಪನ್ ಎಲೆಕ್ಟಿವ್ ಎರಡನ್ನೂ ಆನ್‌ಲೈನ್ ಕೋರ್ಸ್ ಆಗಿಯೇ ಇಟ್ಟಿದ್ದಾರೆ. ಅಲ್ಲಿ ಇದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಡಿಗ್ರಿಯ ಭಾಗವೇ. ಬಿಎ, ಬಿಕಾಂ, ಬಿಎಸ್ಸಿಯವರಿಗೆ ಸಾಮಾನ್ಯವಾಗಿ ಐಚ್ಛಿಕ ವಿಷಯದ ಬದಲಿಗೆ ಇಂಥ ಕೋರ್ಸ್ ಮಾಡಬಹುದೇ ಎಂಬ ಪ್ರಶ್ನೆ ಬರುತ್ತದೆ.

ಸ್ಕೀಮ್ ಓದಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಯಾವ ವಿಷಯದ ಬದಲಿಗೆ? ಎಷ್ಟು ಕ್ರೆಡಿಟ್? ಯಾವ ಸೆಮಿಸ್ಟರ್ ಒಳಗೆ ಮುಗಿಸಬೇಕು? ಮೂರನೆಯದಕ್ಕೆ ಜೊತೆಯಾಗಿ ವಿಭಾಗದವರನ್ನು ಇನ್ನೊಂದು ಮಾತು ಕೇಳಿ: ಒಂದು ಸೆಮಿಸ್ಟರ್ ಮೊದಲೇ ಮುಗಿಸಿದರೆ ಒಪ್ಪುತ್ತೀರಾ? ಒಪ್ಪುತ್ತಾರೆಂದರೆ ಮೊದಲೇ ಮಾಡಿ. ಕೊನೆಯ ಸೆಮಿಸ್ಟರಿಗೆ ಇಟ್ಟುಕೊಂಡವರು ಒಮ್ಮೆ ಫೇಲ್ ಆದರೆ ಡಿಗ್ರಿಯೇ ಮುಂದೆ ಹೋಗುತ್ತದೆ. ಕೈಗೆ ಬಂದ ಕೆಲಸದ ಆಫರ್ ಈ ಒಂದು ಕೋರ್ಸಿನಿಂದ ತಪ್ಪಿದ್ದನ್ನು ನಾನು ನೋಡಿದ್ದೇನೆ.

ಎಚ್ಚರಿಕೆ: "ನಮ್ಮಣ್ಣನ ಬ್ಯಾಚಲ್ಲಿ ಹೀಗೇ ಮಾಡಿದ್ರು" ಎಂಬ ಮಾತನ್ನು ನಂಬಬೇಡಿ. ಸ್ಕೀಮ್ ಬದಲಾದಾಗ ನಿಯಮವೂ ಬದಲಾಗುತ್ತದೆ.

## ಹಂತ 2: ಒಪ್ಪಿಗೆಯಾದ ಪಟ್ಟಿ ತಂದು, ಅದರೊಳಗಿಂದ ಆರಿಸಿ

ಸ್ವಯಂನಲ್ಲಿ ಕಾಣುವ ಎಲ್ಲ ಕೋರ್ಸಿಗೂ ನಿಮ್ಮ ವಿಶ್ವವಿದ್ಯಾಲಯ ಕ್ರೆಡಿಟ್ ಕೊಡುವುದಿಲ್ಲ. ಅಧ್ಯಯನ ಮಂಡಳಿ ಅಥವಾ ಅಕಾಡೆಮಿಕ್ ಕೌನ್ಸಿಲ್ ಒಪ್ಪಿದ ಪಟ್ಟಿ ಪ್ರತಿ ಸೆಮಿಸ್ಟರಿಗೂ ಬೇರೆಯಾಗಬಹುದು. ಅದನ್ನು ವಿಭಾಗದ ಮುಖ್ಯಸ್ಥರ (ಹೆಚ್‌ಒಡಿ) ಹತ್ತಿರ ಅಥವಾ ಕಾಲೇಜಿನ ಎನ್‌ಪಿಟಿಇಎಲ್ ಲೋಕಲ್ ಚಾಪ್ಟರಿನ (ಕಾಲೇಜಿನಲ್ಲಿರುವ ಎನ್‌ಪಿಟಿಇಎಲ್ ಘಟಕ) ಸಂಯೋಜಕರ ಹತ್ತಿರ ಕೇಳಿ. ಈ ಸಂಯೋಜಕರನ್ನು ಕಾಲೇಜುಗಳಲ್ಲಿ "ಎಸ್‌ಪಿಒಸಿ" ಅನ್ನುತ್ತಾರೆ. ನಿಮ್ಮ ಕಾಲೇಜಿನಲ್ಲಿ ಅವರು ಯಾರು ಎಂಬುದನ್ನು ಇವತ್ತೇ ಪತ್ತೆಮಾಡಿ. ಮುಂದಿನ ಅರ್ಧ ಕೆಲಸ ಅವರ ಮೂಲಕವೇ ಆಗಬೇಕು.

ಪಟ್ಟಿ ಸಿಕ್ಕ ಮೇಲೆ ಪ್ರತಿ ಕೋರ್ಸಿನ ಪುಟ ತೆರೆದು ಈ ವಿವರ ನೋಡಿ.

ಅವಧಿ. ಎನ್‌ಪಿಟಿಇಎಲ್‌ನಲ್ಲಿ 4 ವಾರದ ಕೋರ್ಸಿಗೆ 1 ಕ್ರೆಡಿಟ್, 8 ವಾರದ್ದಕ್ಕೆ 2, 12 ವಾರದ್ದಕ್ಕೆ 3. ಸ್ಕೀಮಿನಲ್ಲಿ 3 ಕ್ರೆಡಿಟ್ ಬೇಕಿದ್ದರೆ 8 ವಾರದ ಕೋರ್ಸ್ ಎಷ್ಟು ಚೆನ್ನಾಗಿದ್ದರೂ ಬಿಟ್ಟುಬಿಡಿ. ಒಂದು 8 ವಾರದ್ದಕ್ಕೆ ಒಂದು 4 ವಾರದ್ದನ್ನು ಸೇರಿಸಿ 3 ಮಾಡಿಕೊಳ್ಳುತ್ತೇನೆ ಎಂಬ ಲೆಕ್ಕವನ್ನು ಬಾಯಿಮಾತಿನಲ್ಲಿ ಯಾರು ಹೇಳಿದರೂ ಒಪ್ಪಬೇಡಿ. ಲಿಖಿತವಾಗಿ ಇದ್ದರೆ ಮಾತ್ರ ಸರಿ.

ಯಾರು ನಡೆಸುತ್ತಾರೆ. ಸ್ವಯಂನಲ್ಲಿ ಹಲವು ಸಂಯೋಜಕ ಸಂಸ್ಥೆಗಳಿವೆ. ಎಂಜಿನಿಯರಿಂಗ್ ಮತ್ತು ವಿಜ್ಞಾನಕ್ಕೆ ಹೆಚ್ಚಾಗಿ ಎನ್‌ಪಿಟಿಇಎಲ್, ಎಂಜಿನಿಯರಿಂಗ್ ಅಲ್ಲದ ಪದವಿ ವಿಷಯಗಳಿಗೆ ಸಿಇಸಿ (ಯುಜಿಸಿಯ ಶೈಕ್ಷಣಿಕ ಸಂವಹನ ಸಂಸ್ಥೆ), ಮ್ಯಾನೇಜ್‌ಮೆಂಟ್‌ಗೆ ಬೆಂಗಳೂರಿನ ಐಐಎಂ, ಇನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) ಮುಂತಾದವು. ಎನ್‌ಪಿಟಿಇಎಲ್ ತನ್ನ ಪರೀಕ್ಷೆಯನ್ನು ತಾನೇ ನಡೆಸುತ್ತದೆ. ಸಿಇಸಿ, ಐಐಎಂ ಬೆಂಗಳೂರು, ಇಗ್ನೊ ಕೋರ್ಸ್‌ಗಳ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುತ್ತದೆ. ಅರ್ಜಿಯ ಜಾಲತಾಣ, ದಿನಾಂಕ, ಶುಲ್ಕ ಎಲ್ಲವೂ ಬೇರೆ. ಇದನ್ನು ಗಮನಿಸದವರು ಸರಿಯಾದ ಅರ್ಜಿಯನ್ನು ತಪ್ಪಾದ ಜಾಗದಲ್ಲಿ ಹುಡುಕುತ್ತಾ ಕೂರುತ್ತಾರೆ.

ಪರೀಕ್ಷೆ ಇದೆಯೇ. ಸ್ವಯಂನಲ್ಲಿ ನಿಮ್ಮ ಬಿಡುವಿನಲ್ಲಿ ಕಲಿಯಲು ಬಿಟ್ಟ ಹಳೆಯ ಕೋರ್ಸ್‌ಗಳಿವೆ. ಪಾಠ ಎಲ್ಲ ಇರುತ್ತದೆ, ಪರೀಕ್ಷೆ ಇರುವುದಿಲ್ಲ, ಆದ್ದರಿಂದ ಕ್ರೆಡಿಟ್ ಇಲ್ಲ. ಯೂಟ್ಯೂಬಿನಲ್ಲಿ ಅದೇ ಪಾಠ ನೋಡಿದ್ದೂ ಲೆಕ್ಕಕ್ಕಿಲ್ಲ. ಪುಟದಲ್ಲಿ ಶುರುವಾಗುವ ದಿನ, ಮುಗಿಯುವ ದಿನ, ಪರೀಕ್ಷೆಯ ದಿನ ಮೂರೂ ಈ ಸೆಮಿಸ್ಟರಿನವೇ ಆಗಿರಬೇಕು.

ಪಾಠ ಅರ್ಥವಾಗುತ್ತದೆಯೇ. ಕೋರ್ಸಿನ ಹೆಸರು ನೋಡಿ ಆರಿಸಬೇಡಿ. ಮೊದಲ ವಾರದ ಒಂದು ಪಾಠ ಮತ್ತು ಮಧ್ಯದ ವಾರದ ವಿಷಯಸೂಚಿ ನೋಡಿ. ಕೋರ್ಸಿನೊಳಗೆ "ಅಸೈನ್‌ಮೆಂಟ್ 0" ಎಂದು ಇರುತ್ತದೆ. ಅಂಕಕ್ಕೆ ಬರುವುದಿಲ್ಲ, ನಿಮಗೆ ಈಗಾಗಲೇ ಗೊತ್ತಿರಬೇಕಾದ್ದು ಗೊತ್ತಿದೆಯೇ ಎಂದು ತಿಳಿಸಲು ಕೊಟ್ಟದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಾದರೆ ಬೇರೆ ಕೋರ್ಸ್ ನೋಡಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು: ಎನ್‌ಪಿಟಿಇಎಲ್‌ನ ಹಲವು ಕೋರ್ಸ್‌ಗಳ ಪಾಠದ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಇರುವುದರಿಂದ ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಪಾಠ ಅರ್ಥವಾಗಲು ಕನ್ನಡ, ಪ್ರಶ್ನೆ ಅರ್ಥವಾಗಲು ಇಂಗ್ಲಿಷ್ ಪದಗಳು.

ಸಾಮಾನ್ಯ ತಪ್ಪು: ಈಗಾಗಲೇ ಓದಿದ ವಿಷಯದ್ದೇ ಕೋರ್ಸ್ ಸುಲಭ ಎಂದು ಆರಿಸುವುದು. ನಿಮ್ಮ ಕಡ್ಡಾಯ ವಿಷಯದ ಪಾಠವೇ ಮತ್ತೆ ಬಂದರೆ ಕ್ರೆಡಿಟ್ ತಿರಸ್ಕರಿಸಬಹುದು.

## ಹಂತ 3: ಒಪ್ಪಿಗೆಯನ್ನು ಕಾಗದದ ಮೇಲೆ ತೆಗೆದುಕೊಳ್ಳಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಹೆಚ್‌ಒಡಿ ಕಾರಿಡಾರಿನಲ್ಲಿ "ಆಯ್ತಪ್ಪಾ, ಮಾಡ್ಕೊ" ಅಂದದ್ದು ಪರೀಕ್ಷಾ ವಿಭಾಗದಲ್ಲಿ ನಡೆಯುವುದಿಲ್ಲ. ಆರು ತಿಂಗಳಲ್ಲಿ ಹೆಚ್‌ಒಡಿ ಬದಲಾಗಬಹುದು, ಅವರಿಗೆ ನೆನಪೂ ಇರಲಿಕ್ಕಿಲ್ಲ.

ಒಂದು ಪುಟದ ಅರ್ಜಿ ಬರೆಯಿರಿ. ಅದರಲ್ಲಿ ನಿಮ್ಮ ಹೆಸರು, ರಿಜಿಸ್ಟರ್ ನಂಬರ್, ಸೆಮಿಸ್ಟರ್, ಕೋರ್ಸಿನ ಪೂರ್ತಿ ಹೆಸರು, ಕೋರ್ಸ್ ಐಡಿ, ನಡೆಸುವ ಸಂಸ್ಥೆ, ವಾರಗಳ ಸಂಖ್ಯೆ, ಕ್ರೆಡಿಟ್, ಯಾವ ವಿಷಯದ ಬದಲಿಗೆ ಎಂಬುದು, ಪರೀಕ್ಷೆಯ ದಿನಾಂಕ ಇಷ್ಟೂ ಇರಲಿ. ಕೋರ್ಸ್ ಪುಟದ ಮುದ್ರಿತ ಪ್ರತಿ ಲಗತ್ತಿಸಿ. ಹೆಚ್‌ಒಡಿ ಮತ್ತು ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ. ಕಚೇರಿಗೆ ಒಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ ಮತ್ತು ದಿನಾಂಕ ಬರೆಸಿಕೊಳ್ಳಿ.

ವಿಭಾಗದವರು ಹಿಂದೆಮುಂದೆ ನೋಡುತ್ತಿದ್ದರೆ ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ. ಆ ಐಚ್ಛಿಕ ವಿಷಯಕ್ಕೆ ಅಧ್ಯಾಪಕರಿಲ್ಲ, ಅಥವಾ ಅದನ್ನು ನಡೆಸುವ ಸೌಲಭ್ಯ ವಿಭಾಗದಲ್ಲಿ ಇಲ್ಲ ಎಂಬುದು ಸ್ವಯಂ ಕ್ರೆಡಿಟ್‌ಗೆ ಒಪ್ಪಿಗೆ ಕೊಡಲು ಬಲವಾದ ಕಾರಣ.

ಎಚ್ಚರಿಕೆ: "ಮೊದಲು ಪಾಸಾಗಿ ಬಾ, ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

## ಹಂತ 4: ಹೆಸರು, ಇಮೇಲ್, ಎಬಿಸಿ ಐಡಿ ಮೂರನ್ನೂ ಒಂದಕ್ಕೊಂದು ಹೊಂದಿಸಿ

ನಮ್ಮ ಕಡೆಯ ಹೆಸರುಗಳಲ್ಲಿ ಇನಿಷಿಯಲ್ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಕಾವ್ಯ ಎನ್", ಆಧಾರಿನಲ್ಲಿ "ಕಾವ್ಯ ನಾಗರಾಜ", ಕಾಲೇಜು ದಾಖಲೆಯಲ್ಲಿ "ಎನ್ ಕಾವ್ಯ". ನಮ್ಮ ಕಣ್ಣಿಗೆ ಮೂರೂ ಒಬ್ಬಳೇ. ಕಂಪ್ಯೂಟರಿಗೆ ಮೂವರು.

ಕ್ರೆಡಿಟ್ ಬಂದು ಕೂರುವ ಖಾತೆಯೇ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಎಬಿಸಿ. ಡಿಜಿಲಾಕರ್ ಮೂಲಕ ಆಧಾರ್ ಬಳಸಿ ತೆರೆದರೆ 12 ಅಂಕಿಯ ಐಡಿ ಸಿಗುತ್ತದೆ. ಈಗ ಇದನ್ನೇ ಅಪಾರ್ ಐಡಿ ಎಂದೂ ಕರೆಯುತ್ತಾರೆ. ಡಿಜಿಲಾಕರ್ ಆಧಾರಿನ ಹೆಸರನ್ನೇ ತೆಗೆದುಕೊಳ್ಳುವುದರಿಂದ ಆಧಾರಿನ ಹೆಸರು ಮತ್ತು ಕಾಲೇಜಿನ ಹೆಸರು ಬೇರೆಯಿದ್ದರೆ ಕ್ರೆಡಿಟ್ ಜೋಡಣೆ ನಿಂತುಹೋಗುತ್ತದೆ. ಆಧಾರ್ ತಿದ್ದುಪಡಿಗೆ ಸಮಯ ಬೇಕು. ಹಾಗಾಗಿ ಸೆಮಿಸ್ಟರ್ ಶುರುವಾಗುವ ಮೊದಲೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆ ಎಲ್ಲ ಕಡೆ ಹೆಸರು ಸರಿಮಾಡಿಸಿ.

ಎಬಿಸಿ ಖಾತೆ ತೆರೆಯುವಾಗ ನಿಮ್ಮ ವಿಶ್ವವಿದ್ಯಾಲಯದ ಹೆಸರನ್ನು ಆರಿಸಬೇಕು. ಐಡಿಯನ್ನು ಬರೆದಿಟ್ಟುಕೊಂಡು ಕಾಲೇಜು ಕಚೇರಿಗೂ ಕೊಡಿ.

ಇಮೇಲ್ ವಿಷಯದಲ್ಲಿ ನಿಯಮ ಸರಳ: ಸ್ವಯಂ ಖಾತೆ, ಕೋರ್ಸ್ ನೋಂದಣಿ, ಪರೀಕ್ಷಾ ಅರ್ಜಿ ಮೂರಕ್ಕೂ ಒಂದೇ ಇಮೇಲ್. ಒಂದರಲ್ಲಿ ಅಸೈನ್‌ಮೆಂಟ್ ಮಾಡಿ ಇನ್ನೊಂದರಲ್ಲಿ ಪರೀಕ್ಷೆಗೆ ಅರ್ಜಿ ಹಾಕಿದರೆ ಅಸೈನ್‌ಮೆಂಟ್ ಅಂಕ ನಿಮ್ಮದಾಗುವುದಿಲ್ಲ. ಸೈಬರ್ ಸೆಂಟರಿನಲ್ಲಿ ಕೂತು ಅವರ ಇಮೇಲಿನಲ್ಲಿ ಅರ್ಜಿ ಹಾಕಿಸಿಕೊಂಡು ಬಂದವರೂ ಇದ್ದಾರೆ. ಆ ಗಂಟು ಬಿಡಿಸುವುದು ಬಹಳ ಕಷ್ಟ.

## ಹಂತ 5: ಕೋರ್ಸಿಗೆ ಸೇರಿ

ಸೆಮಿಸ್ಟರ್‌ಗಳು ವರ್ಷಕ್ಕೆ ಎರಡು, ಜನವರಿಯದ್ದು ಮತ್ತು ಜುಲೈಯದ್ದು. ಸ್ವಯಂ ಜಾಲತಾಣದಲ್ಲಿ ಲಾಗಿನ್ ಆಗಿ, ಕೋರ್ಸ್ ಐಡಿ ಒಪ್ಪಿಗೆ ಪತ್ರದಲ್ಲಿ ಇರುವುದೇ ಎಂದು ತಾಳೆ ನೋಡಿ ಸೇರಿಕೊಳ್ಳಿ. ಒಂದೇ ಹೆಸರಿನ ಕೋರ್ಸನ್ನು ಬೇರೆ ಬೇರೆ ಐಐಟಿಗಳ ಅಧ್ಯಾಪಕರು ನಡೆಸುವುದುಂಟು. ಪ್ರೊಫೈಲಿನಲ್ಲಿ ಕಾಲೇಜನ್ನು ಪಟ್ಟಿಯಿಂದಲೇ ಆರಿಸಿ, ರೋಲ್ ನಂಬರ್ ಹಾಕಿ. ಹಾಗೆ ಮಾಡಿದರೆ ನಿಮ್ಮ ಪ್ರಗತಿ ಸಂಯೋಜಕರಿಗೂ ಕಾಣುತ್ತದೆ.

## ಹಂತ 6: ಪರೀಕ್ಷೆಗೆ ಬೇರೆಯಾಗಿ ಅರ್ಜಿ ಹಾಕಿ

ಕೋರ್ಸಿಗೆ ಸೇರಿದ್ದೇ ಪರೀಕ್ಷೆಗೂ ಆಯಿತು ಎಂದುಕೊಂಡವರನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ. ಎರಡೂ ಬೇರೆ ಬೇರೆ. ಎನ್‌ಪಿಟಿಇಎಲ್‌ನಲ್ಲಿ ಪರೀಕ್ಷೆ ಏಪ್ರಿಲ್ ಕಡೆಗೆ ಇದ್ದರೆ ಅರ್ಜಿಯ ಕೊನೆಯ ದಿನ ಫೆಬ್ರವರಿಯಲ್ಲೇ ಮುಗಿದಿರುತ್ತದೆ. ಕೋರ್ಸ್ ಶುರುವಾದ ಕೆಲವೇ ವಾರಗಳಲ್ಲಿ, ಇನ್ನೂ ಪಾಠ ರುಚಿ ಹತ್ತುವ ಮೊದಲೇ, ಅರ್ಜಿ ಹಾಕಿ ದುಡ್ಡು ಕಟ್ಟಬೇಕು. "ಸ್ವಲ್ಪ ಓದಿ ಧೈರ್ಯ ಬಂದ ಮೇಲೆ ಕಟ್ಟೋಣ" ಅಂದರೆ ಬಾಗಿಲು ಮುಚ್ಚಿರುತ್ತದೆ. ಎನ್‌ಟಿಎ ನಡೆಸುವ ಪರೀಕ್ಷೆಗಳ ಅರ್ಜಿ ಇದಕ್ಕೆ ತದ್ವಿರುದ್ಧವಾಗಿ ತಡವಾಗಿ ತೆರೆಯುತ್ತದೆ. ಅಲ್ಲಿ ಅಧಿಸೂಚನೆಗಾಗಿ ವಾರಕ್ಕೊಮ್ಮೆ ಜಾಲತಾಣ ನೋಡುತ್ತಿರಬೇಕು.

ಅರ್ಜಿಯಲ್ಲಿ ಜಾಗ್ರತೆ ವಹಿಸಬೇಕಾದ ಜಾಗಗಳು:

1. ಹೆಸರು. ಪ್ರಮಾಣಪತ್ರದಲ್ಲಿ ಹೀಗೇ ಬರುತ್ತದೆ. ಹಂತ 4ರಲ್ಲಿ ಸರಿಮಾಡಿದ ಹೆಸರನ್ನೇ ಅಕ್ಷರಕ್ಕೆ ಅಕ್ಷರ ಹಾಕಿ.
2. ಪರೀಕ್ಷಾ ನಗರ. ಮೊದಲ ಆಯ್ಕೆಯೇ ಸಿಗುತ್ತದೆಂಬ ಖಾತರಿಯಿಲ್ಲ. 8ನೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿನಲ್ಲಿ ಇರುವವರು ಊರಿನ ಹತ್ತಿರದ ಹುಬ್ಬಳ್ಳಿ ಹಾಕಿ ಕೊನೆಗೆ ರಾತ್ರಿ ಬಸ್ಸಿಗೆ ಓಡುತ್ತಾರೆ. ಆ ದಿನ ನೀವು ಎಲ್ಲಿರುತ್ತೀರಿ ಎಂದು ಯೋಚಿಸಿ ಆರಿಸಿ.
3. ಪಾಳಿ. ಎರಡು ಕೋರ್ಸ್ ಮಾಡುವವರು ಎರಡರ ಪರೀಕ್ಷೆಯೂ ಒಂದೇ ದಿನ ಒಂದೇ ಪಾಳಿಯಲ್ಲಿ ಇಲ್ಲವೆಂದು ನೋಡಿಕೊಳ್ಳಿ.
4. ರಿಯಾಯಿತಿ. ಪ್ರಮಾಣಪತ್ರದ ಸ್ಕ್ಯಾನ್ ಓದುವಂತಿರಬೇಕು. ಮಸುಕಾಗಿದ್ದರೆ ರಿಯಾಯಿತಿ ತಿರಸ್ಕಾರವಾಗಬಹುದು.

ದುಡ್ಡು ಕಟ್ಟಿದ ಮೇಲೆ ಸ್ಥಿತಿ ಏನೆಂದು ಲಾಗಿನ್ ಆಗಿ ನೋಡಿ. ಯುಪಿಐನಲ್ಲಿ ಹಣ ಕಡಿತವಾಗಿದ್ದರೂ ಅರ್ಜಿ ಪೂರ್ತಿಯಾಗದೆ ನಿಂತಿರುವುದುಂಟು.

## ಹಂತ 7: ಅಸೈನ್‌ಮೆಂಟ್ ಲೆಕ್ಕ ಅರ್ಥಮಾಡಿಕೊಳ್ಳಿ

ಎನ್‌ಪಿಟಿಇಎಲ್‌ನ ಸಾಮಾನ್ಯ ಲೆಕ್ಕದಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸಿನಲ್ಲಿ 12 ಅಸೈನ್‌ಮೆಂಟ್‌ಗಳಲ್ಲಿ ಹೆಚ್ಚು ಅಂಕ ಬಂದ 8ರ ಸರಾಸರಿ ತೆಗೆಯುತ್ತಾರೆ. 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3. ಪಾಸಾಗಲು ಅಸೈನ್‌ಮೆಂಟಿನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30. ಎರಡೂ ಪ್ರತ್ಯೇಕವಾಗಿ ಬರಲೇಬೇಕು.

ಮೋಸ ಹೋಗುವುದು ಈ ಕೊನೆಯ ಮಾತಿನಲ್ಲಿ. ಅಸೈನ್‌ಮೆಂಟಿನಲ್ಲಿ 25ಕ್ಕೆ 25 ಬಂದು ಪರೀಕ್ಷೆಯಲ್ಲಿ 100ಕ್ಕೆ 38 ಬಂತೆನ್ನಿ. 38 ಅಂದರೆ 75ಕ್ಕೆ 28.5. ಒಟ್ಟು 53.5. ನೋಡಲು ಪಾಸ್, ಪ್ರಮಾಣಪತ್ರ ಮಾತ್ರ ಇಲ್ಲ. ಹಾಗೆಯೇ 12 ವಾರದ ಕೋರ್ಸಿನಲ್ಲಿ ಕೇವಲ 3 ಅಸೈನ್‌ಮೆಂಟ್ ಸಲ್ಲಿಸಿ ತಲಾ 90 ಪಡೆದವರ ಸರಾಸರಿ 270ನ್ನು 8ರಿಂದ ಭಾಗಿಸಿ 33.75. ಅದು 25ಕ್ಕೆ 8.4. ಅವರು ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದರೂ ಪಾಸಲ್ಲ. ಬಿಟ್ಟ ಅಸೈನ್‌ಮೆಂಟ್ ಸೊನ್ನೆಯಾಗಿ ಸೇರುತ್ತದೆ, ಮಾಯವಾಗುವುದಿಲ್ಲ.

ಪ್ರೋಗ್ರಾಮಿಂಗ್ ಕೋರ್ಸ್‌ಗಳಲ್ಲಿ ಈ ಲೆಕ್ಕ ಬೇರೆಯಿರಬಹುದು. ಕೋರ್ಸ್ ಪುಟದಲ್ಲಿ ಬರೆದಿರುತ್ತಾರೆ, ಮೊದಲ ವಾರವೇ ಓದಿ. ಸಿಇಸಿ ಮುಂತಾದವುಗಳಲ್ಲಿ ಆಂತರಿಕ ಅಂಕ 30, ಪರೀಕ್ಷೆ 70.

ಅಸೈನ್‌ಮೆಂಟಿನ ಗಡುವು ಕಳೆದ ಮೇಲೆ ಯಾರು ಬೇಡಿಕೊಂಡರೂ ತೆರೆಯುವುದಿಲ್ಲ. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ಬದಲಿಸಿ ಸಲ್ಲಿಸಬಹುದು, ಕೊನೆಯದಾಗಿ ಸಲ್ಲಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಪಾಠ ನೋಡಿದ ದಿನವೇ ಗೊತ್ತಿದ್ದಷ್ಟು ಸಲ್ಲಿಸಿ, ಆಮೇಲೆ ತಿದ್ದಿ. ಉತ್ತರ ಗುರುತುಮಾಡಿ ಸಲ್ಲಿಸುವ ಗುಂಡಿ ಒತ್ತದೆ ಹೊರಬಂದರೆ ಸೊನ್ನೆ. ಸಲ್ಲಿಕೆಯಾದ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರತಿ ವಾರ ಉತ್ತರ ಹರಿದಾಡುತ್ತದೆ. ಅದನ್ನು ನಕಲು ಮಾಡಿ 25ಕ್ಕೆ 24 ತೆಗೆದ ಹುಡುಗರು ಪರೀಕ್ಷೆಯಲ್ಲಿ 30 ದಾಟದೆ ಕೂತದ್ದನ್ನು ಕಂಡು ಹೊಟ್ಟೆ ಉರಿಯುತ್ತದೆ. 12 ವಾರದ ಕೋರ್ಸಿನ ಪಾಠ ಒಟ್ಟು ಸುಮಾರು 30 ಗಂಟೆ. ವಾರಕ್ಕೆ ಎರಡೂವರೆ ಗಂಟೆ ಪಾಠ, ಇನ್ನೆರಡು ಗಂಟೆ ಅಸೈನ್‌ಮೆಂಟಿಗೆ. ಇಷ್ಟನ್ನು ಸ್ವಂತವಾಗಿ ಮಾಡಿದವರು ಫೇಲಾದದ್ದು ನನ್ನ ಅನುಭವದಲ್ಲಿ ತೀರಾ ಅಪರೂಪ.

ಎಚ್ಚರಿಕೆಯ ಲಕ್ಷಣ: ಸತತ ಎರಡು ವಾರ ಅಸೈನ್‌ಮೆಂಟ್ ತಪ್ಪಿದ್ದರೆ ಅಥವಾ ಪಾಠ ನೋಡದೆಯೇ 80ರ ಮೇಲೆ ಅಂಕ ಬರುತ್ತಿದ್ದರೆ ಅಲ್ಲೇ ನಿಂತು ಸರಿಮಾಡಿಕೊಳ್ಳಿ.

## ಹಂತ 8: ಪರೀಕ್ಷೆಯ ದಿನ

ಹಾಲ್ ಟಿಕೆಟ್ ಮುದ್ರಿಸಿ, ಅಸಲಿ ಗುರುತಿನ ಚೀಟಿ ಒಯ್ಯಿರಿ. ಮೊಬೈಲಿನಲ್ಲಿರುವ ಚೀಟಿಯ ಫೋಟೊ ತೋರಿಸಿ ಒಳಗೆ ಹೋಗಬಹುದೆಂಬ ಭರವಸೆಯಲ್ಲಿ ಹೋಗಬೇಡಿ. ಎನ್‌ಪಿಟಿಇಎಲ್ ಪರೀಕ್ಷೆ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತು ಬರೆಯುವ 3 ಗಂಟೆಯದು. ತಯಾರಿಗೆ ಅದೇ ಕೋರ್ಸಿನ ಎಲ್ಲ ವಾರದ ಅಸೈನ್‌ಮೆಂಟ್‌ಗಳನ್ನು ಉತ್ತರ ಮುಚ್ಚಿಟ್ಟು ಮತ್ತೊಮ್ಮೆ ಬಿಡಿಸುವುದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

## ಹಂತ 9: ಪ್ರಮಾಣಪತ್ರವನ್ನು ಮಾರ್ಕ್ಸ್ ಕಾರ್ಡಿಗೆ ತಲುಪಿಸಿ

ಪ್ರಮಾಣಪತ್ರ ಬಂದರೆ ಕೆಲಸ ಮುಗಿಯಿತು ಎಂದು ಹಬ್ಬ ಮಾಡಿ ಕೂತವರ ಕ್ರೆಡಿಟ್ ಇಲ್ಲಿ ಸಿಕ್ಕಿಬೀಳುತ್ತದೆ. ಮಾಡಬೇಕಾದ್ದು ಇಷ್ಟು:

1. ಇ-ಪ್ರಮಾಣಪತ್ರ ಇಳಿಸಿಕೊಂಡು ಹೆಸರು, ಕೋರ್ಸ್, ಅಂಕ, ಕ್ರೆಡಿಟ್ ಸರಿಯಿದೆಯೇ ನೋಡಿ. ಅದರ ಮೇಲಿನ ಕ್ಯುಆರ್ ಕೋಡ್ ತೆರೆಯುತ್ತದೆಯೇ ಪರೀಕ್ಷಿಸಿ.
2. ಡಿಜಿಲಾಕರ್ ಮತ್ತು ಎಬಿಸಿ ಖಾತೆಯಲ್ಲಿ ಕ್ರೆಡಿಟ್ ಕಾಣುತ್ತದೆಯೇ ನೋಡಿ. ಕಾಣಲು ಕೆಲವು ವಾರ ಹಿಡಿಯಬಹುದು.
3. ಹಂತ 3ರ ಒಪ್ಪಿಗೆ ಪತ್ರದ ಪ್ರತಿ, ಪ್ರಮಾಣಪತ್ರ, ಎಬಿಸಿ ಐಡಿ, ಒಂದು ಕೋರಿಕೆ ಪತ್ರ ಇವನ್ನು ವಿಭಾಗದ ಮೂಲಕ ಪರೀಕ್ಷಾ ವಿಭಾಗಕ್ಕೆ ಕೊಡಿ. ಸ್ವೀಕೃತಿ ಪಡೆಯಿರಿ.
4. ವಿಶ್ವವಿದ್ಯಾಲಯಕ್ಕೆ ಅಂಕ ಕಳಿಸಲು ಕಾಲೇಜಿಗೆ ಇರುವ ಕೊನೆಯ ದಿನ ಕೇಳಿ ಬರೆದುಕೊಳ್ಳಿ. ಎನ್‌ಪಿಟಿಇಎಲ್ ಫಲಿತಾಂಶ ಬರುವ ಹೊತ್ತಿಗೆ ಆ ದಿನ ಹತ್ತಿರ ಬಂದಿರುತ್ತದೆ.

ಎಬಿಸಿಯಲ್ಲಿ ಕ್ರೆಡಿಟ್ ಕೂತಿದ್ದರೆ ಮಾರ್ಕ್ಸ್ ಕಾರ್ಡಿಗೂ ತಾನಾಗಿ ಬರುತ್ತದೆಂದು ತಿಳಿಯಬೇಡಿ. ಎಬಿಸಿ ಕೂಡಿಡುವ ಜಾಗ. ಅಲ್ಲಿಂದ ತೆಗೆದು ನಿಮ್ಮ ಡಿಗ್ರಿಗೆ ಸೇರಿಸುವುದು ನಿಮ್ಮ ವಿಶ್ವವಿದ್ಯಾಲಯ. ಕೂಡಿಟ್ಟ ಕ್ರೆಡಿಟ್‌ಗೆ ಗರಿಷ್ಠ 7 ವರ್ಷದ ಆಯಸ್ಸು ಇದೆ.

ಮಾರ್ಕ್ಸ್ ಕಾರ್ಡ್ ಕೈಗೆ ಬಂದ ದಿನ ವಿಷಯದ ಹೆಸರು, ಕೋಡ್, ಕ್ರೆಡಿಟ್, ಗ್ರೇಡ್ ನಾಲ್ಕನ್ನೂ ಒಪ್ಪಿಗೆ ಪತ್ರದ ಜೊತೆ ತಾಳೆ ನೋಡಿ. ವ್ಯತ್ಯಾಸ ಕಂಡರೆ ಅದೇ ವಾರ ಲಿಖಿತ ದೂರು ಕೊಡಿ. ನೀವು ಪಾಸಾಗದಿದ್ದರೆ ಮುಂದಿನ ಜನವರಿ ಅಥವಾ ಜುಲೈ ಪಟ್ಟಿಯಲ್ಲಿ ಆ ಕೋರ್ಸ್ ಮತ್ತೆ ಬರುತ್ತದೆಯೇ, ಬಾರದಿದ್ದರೆ ಬದಲಿಗೆ ಯಾವುದನ್ನು ಒಪ್ಪುತ್ತಾರೆ ಎಂದು ಸಂಯೋಜಕರನ್ನು ಫಲಿತಾಂಶದ ಮರುದಿನವೇ ಹೋಗಿ ಕೇಳಿ. ಬದಲಿ ಕೋರ್ಸಿಗೂ ಹಂತ 3ರ ಕಾಗದ ಹೊಸದಾಗಿ ಬೇಕು.